ಹೊಲ ಇಲ್ಲದವರ ಅಮಾವಾಸ್ಯೆ

ಚಾಚಾರನ್ನು ಮಣ್ಣು ಮಾಡಿದ ವಾರದೊಳಗೆ ಅವರ ಡೇರೆ ನನ್ನ ಮನೆಗೆ ಬಂತು. ಬಾಗಿಲಲ್ಲಿ ಆಟೋ ನಿಂತಿತು. ಡ್ರೈವರ್ ಕ್ಯಾನ್ವಾಸಿನ ಸುರುಳಿಯನ್ನು ಎಳೆದು ಕಟ್ಟೆಯ ಮೇಲೆ ಹಾಕಿ, ಗೂಟಗಳಿದ್ದ ಗೋಣಿಚೀಲವನ್ನು ಅದರ ಪಕ್ಕಕ್ಕಿಟ್ಟು, ಚಾಚಿ ಕಳಿಸಿದ್ದಾರೆ, ಅವರ ಮನೆಯಲ್ಲಿ ಜಾಗ ಇಲ್ಲವಂತೆ ಎಂದು ಹೇಳಿ ಹೋದ. ನಾನು ಅದನ್ನು ಒಳಗೆ ತರಲಿಲ್ಲ, ಬೀದಿಗೆ ಎಸೆಯಲೂ ಇಲ್ಲ. ಮರುದಿನ ಬೆಳಿಗ್ಗೆ ಅದರ ಸುತ್ತ ಕಸ ಗುಡಿಸಿದೆ. ಅದರ ಮರುದಿನವೂ ಹಾಗೆಯೇ ಗುಡಿಸಿದೆ. ಹತ್ತಿರದವರೊಬ್ಬರು ಸತ್ತಾಗ ಮನುಷ್ಯರಿಗೆ ಆಗುವುದೇನೂ ನನಗೆ ಆಗುತ್ತಿರಲಿಲ್ಲ. ಡ್ಯೂಟಿಗೆ ಹೋಗುತ್ತಿದ್ದೆ, ಟಿಕೆಟ್ ಕೊಡುತ್ತಿದ್ದೆ, ಚಿಲ್ಲರೆಗಾಗಿ ಬೈಯುತ್ತಿದ್ದೆ, ಮನೆಗೆ ಬಂದು ಉಣ್ಣುತ್ತಿದ್ದೆ. ಎದೆಯೊಳಗೆ ಏನೂ ಅಲುಗುತ್ತಿರಲಿಲ್ಲ.

ಅವರು ಜೇವರ್ಗಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಯಾವ ಬಸ್ ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು ಎಂದು ನೋಡಿಕೊಂಡು ಜನರಿಗೆ ಕೂಗಿ ಹೇಳುವುದು ಅವರ ಕೆಲಸ. ನಾನು ಅಲ್ಲಿಂದ ಹೊರಡುವ ಬಸ್ಸುಗಳಲ್ಲಿ ಕಂಡಕ್ಟರ್, ಈಗಲೂ. ನಮ್ಮ ಡ್ರೈವರುಗಳಿಗೆ, ಚಹಾದಂಗಡಿಯವನಿಗೆ, ಶೇಂಗಾ ಮಾರುವ ಮುದುಕಿಗೆ, ಎಲ್ಲರಿಗೂ ಅವರು ಚಾಚಾ, ಅವರ ಹೆಂಡತಿ ಚಾಚಿ. ಶೇಂಗಾದ ಮುದುಕಿ ಅವರಿಗಿಂತ ಹಿರಿಯಳು, ಅವಳೂ ಚಾಚಾ ಎಂದೇ ಕರೆಯುತ್ತಿದ್ದಳು.

ನಿಲ್ದಾಣದ ಮೈಕು ನಾನು ಕೆಲಸಕ್ಕೆ ಸೇರುವ ಮೊದಲೇ ಕೆಟ್ಟಿತ್ತು. ಅವರು ನಿವೃತ್ತರಾದ ಮೇಲೆ ರಿಪೇರಿಯಾಯಿತು. ನಡುವಿನ ವರ್ಷಗಳನ್ನೆಲ್ಲ ಅವರ ಗಂಟಲೇ ನಡೆಸಿತು. ಕೂಗುವ ಮುಂಚೆ ಅಂಗಿಯ ಕಾಲರನ್ನು ಸರಿ ಮಾಡಿಕೊಳ್ಳುವರು, ಯಾರೋ ದೊಡ್ಡವರು ಎದುರಿಗೆ ಬಂದು ನಿಂತ ಹಾಗೆ. ಆಮೇಲೆ ಶುರುವಾಗುವುದು. 'ಇಜೇರಿ, ನೆಲೋಗಿ ಕಡಿ ಹೋಗೋರು ಬರ್ರಿ. ಗಾಡಿ ನಿಂತದ, ಜಗಾ ಅದ, ಜಗಳ ಬ್ಯಾಡ.' ಬಸ್ಸು ಉಸಿರು ಬಿಡಲಾಗದಷ್ಟು ತುಂಬಿದ್ದರೂ ಅವರ ಬಾಯಲ್ಲಿ ಜಾಗ ಇರುತ್ತಿತ್ತು. ಒಮ್ಮೆ ನಾನು ಒಳಗಿನಿಂದ, ಎಲ್ಲಿದೆ ಜಾಗ, ನನ್ನ ತಲೆಯ ಮೇಲೆ ಕೂರಿಸಲೇ ಎಂದು ಕೇಳಿದೆ. ಅವರು ಸಿಟ್ಟಾಗಲಿಲ್ಲ. ಜಾಗ ಇಲ್ಲ ಎಂದರೆ ಜನ ಜಗಳಾಡಿ ಹತ್ತುತ್ತಾರೆ, ಇದೆ ಎಂದರೆ ಸರಿದು ನಿಲ್ಲುತ್ತಾರೆ ಎಂದರು. ಅಷ್ಟು ವರ್ಷ ನೋಡಿದ ಮೇಲೆ ನನಗೂ ಹಾಗೇ ಅನ್ನಿಸಿದೆ.

ನಮ್ಮ ಕಡೆ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಒಳಗೆ ದಸ್ತಿ ಎನ್ನುವ ಕರವಸ್ತ್ರ, ಟವೆಲು, ಕೆಲವೊಮ್ಮೆ ಕೂಸನ್ನೂ ಒಗೆದು ಸೀಟು ಹಿಡಿಯುವ ರೂಢಿ. ಚಾಚಾಗೆ ಇದು ಸೇರುತ್ತಿರಲಿಲ್ಲ. ಒಳಗೆ ಹತ್ತಿ ದಸ್ತಿಗಳನ್ನೆಲ್ಲ ಆರಿಸಿಕೊಂಡು ಬಂದು ತಮ್ಮ ಮೇಜಿನ ಮೇಲೆ ಒಟ್ಟುವರು. ದಸ್ತಿ ಬೇಕಾದವರು ಬಂದು ಅವರ ಬೈಗುಳ ತಿಂದೇ ಒಯ್ಯಬೇಕು. ಯಾರೂ ಒಯ್ಯದೆ ಉಳಿದವುಗಳನ್ನು ಚಾಚಿ ತೊಳೆದು ಒಲೆಯ ಅರಿವೆ ಮಾಡಿಕೊಂಡಳು. ಜೇವರ್ಗಿ ತಾಲೂಕಿನ ಗಂಡಸರ ಬೆವರೆಲ್ಲ ನನ್ನ ಅಡಿಗೆಮನೆಯಲ್ಲಿದೆ ಎಂದು ಆಕೆ ಹೇಳಿಕೊಂಡು ತಿರುಗುತ್ತಿದ್ದಳು.

ನನ್ನ ಗಂಡ ಇದೇ ನಿಲ್ದಾಣದಲ್ಲಿ ಡ್ರೈವರ್ ಆಗಿದ್ದ. ಒಂದು ಮಧ್ಯಾಹ್ನ ಗಾಡಿ ನಿಲ್ಲಿಸಿ, ಎದೆ ಹಿಡಿದುಕೊಂಡು ಸ್ಟೇರಿಂಗಿನ ಮೇಲೆ ಒರಗಿದವನು ಏಳಲಿಲ್ಲ. ದಿನಕರ್ಮಗಳು ಮುಗಿದು ನಾನು ಮತ್ತೆ ಡ್ಯೂಟಿಗೆ ಬಂದಾಗ ಎಲ್ಲರೂ ನನ್ನ ಕೈ ಹಿಡಿದರು, ಕಣ್ಣೊರೆಸಿಕೊಂಡರು, ದೇವರ ಇಚ್ಛೆ ಎಂದರು. ನನಗೆ ಅವರೆಲ್ಲ ದೂರದಲ್ಲಿ ನಿಂತು ಮಾತಾಡಿದ ಹಾಗೆ ಕೇಳಿಸುತ್ತಿತ್ತು. ಚಾಚಾ ಮಾತ್ರ ಹಾಜರಿ ನೋಡಿ, 'ಇಜೇರಿ ಗಾಡಿ ನಿಂದು ಬೇಟಿ. ಇವತ್ತ ಮಂದಿ ಭಾಳ ಅದ, ಕೂಡಾಕ ಆಗಂಗಿಲ್ಲ' ಎಂದರು. ಆಮೇಲೆ ಕೆಲವು ತಿಂಗಳು ನನಗೆ ಬರೀ ಮಂದಿ ತುಂಬುವ ಗಾಡಿಗಳೇ ಬಿದ್ದವು. ಅದು ತಾನಾಗಿ ಬಿದ್ದದ್ದಲ್ಲ ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು.

ಈಗ ಎಳ್ಳಮವಾಸ್ಯೆಯ ಮಾತು. ಚಳಿಗಾಲದ ಈ ಹಬ್ಬ ನಮ್ಮಲ್ಲಿ ಮನೆಯೊಳಗೆ ನಡೆಯುವುದಿಲ್ಲ. ಆ ದಿನ ಆಳಂದ, ಅಫಜಲಪುರ, ಜೇವರ್ಗಿ ಎಲ್ಲವೂ ಖಾಲಿ. ಹೊಲ ಇದ್ದವರೆಲ್ಲ ಸಜ್ಜೆ ರೊಟ್ಟಿ, ಕಡಬು, ಕಾಳು ಸೊಪ್ಪುಗಳನ್ನೆಲ್ಲ ಕೂಡಿಸಿ ಕುದಿಸಿದ ಬಜ್ಜಿ ಹೊತ್ತುಕೊಂಡು ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲಿಟ್ಟು ಪೂಜಿಸಿ, ಅಡುಗೆಯನ್ನು ಬುಟ್ಟಿಯಲ್ಲಿ ಕಲಸಿಕೊಂಡು ಬೆಳೆಯ ಸುತ್ತ ಭೂಮಿಗೆ ಚೆಲ್ಲುತ್ತಾ ಹೋಗುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತೇವೆ. ಒಬ್ಬರು ಮುಂದೆ ಚೆಲ್ಲಬೇಕು, ಇನ್ನೊಬ್ಬರು ತಂಬಿಗೆಯಿಂದ ನೀರು ಬಿಡುತ್ತಾ, ಕೂಗುತ್ತಾ ಹಿಂದೆ ಬರಬೇಕು. ಆಮೇಲೆ ಕರೆದವರು, ಬಂದವರು, ಹಾದಿಯಲ್ಲಿ ಹೋಗುವವರು ಎಲ್ಲರಿಗೂ ಊಟ.

ಚಾಚಾಗೆ ಹೊಲ ಇರಲಿಲ್ಲ. ಅವರ ತಂದೆಗೂ ಇರಲಿಲ್ಲ. ಹಾಗಾಗಿ ಎಳ್ಳಮವಾಸ್ಯೆಯ ದಿನ ನಿಲ್ದಾಣದಲ್ಲಿ ಡ್ಯೂಟಿಗೆ ಇರುವವರು ಅವರೇ ಎಂದು ಯಾರೂ ಬರೆಯದೆ, ಯಾರೂ ಹೇಳದೆ ಗೊತ್ತಾಗಿಹೋಗಿತ್ತು. ಎಲ್ಲರೂ ರಜೆ ಹಾಕುವರು. ಹೋಗುವ ಮುಂಚೆ, ಮುಂದಿನ ವರ್ಷ ನಮ್ಮ ಹೊಲಕ್ಕೆ ಬರಲೇಬೇಕು ಚಾಚಾ ಎನ್ನುವರು. ಅವರು ಹೋದರೆ ನಿಲ್ದಾಣದಲ್ಲಿ ಯಾರಿರುತ್ತಾರೆ ಎಂಬುದು ಕರೆದವರಿಗೂ ಗೊತ್ತು, ಕರೆಸಿಕೊಂಡವರಿಗೂ ಗೊತ್ತು. ಮರುದಿನ ಡಬ್ಬಿಗಳು ಬರುತ್ತಿದ್ದವು. ನಿನ್ನೆಯ ರೊಟ್ಟಿ, ನಿನ್ನೆಯ ಬಜ್ಜಿ. ನಮ್ಮ ಮನೆಯಿಂದಲೂ ಹೋಗುತ್ತಿತ್ತು. ಮೇಜಿನ ಮೇಲೆ ಡಬ್ಬಿಗಳ ಸಾಲು ನೋಡಿ, ಇವತ್ತು ನಮ್ಮದು ಅಮಾವಾಸ್ಯೆ ಎಂದು ಅವರು ನಗುತ್ತಿದ್ದರು. ಉಳಿದದ್ದನ್ನು ಮನೆಗೆ ಒಯ್ಯುತ್ತಿದ್ದರು. ಹೀಗೆ ಅವರ ನೌಕರಿ ಮುಗಿಯಿತು.

ಬೀಳ್ಕೊಡುಗೆಯ ದಿನ ಹಾರ ಹಾಕಿಸಿಕೊಂಡು ಕುಳಿತವರನ್ನು ಯಾರೋ, ಇನ್ನು ಮುಂದೆ ಏನು ಮಾಡುತ್ತೀರಿ ಎಂದು ಕೇಳಿದರು. ಮಸೀದಿ, ಮೊಮ್ಮಕ್ಕಳು ಎನ್ನುತ್ತಾರೆಂದು ನಾವೆಲ್ಲ ಕಾದಿದ್ದೆವು. 'ಒಂದ್ ಎಳ್ಳಮಾಸಿಗಿ ನಾ ಮಂದಿಗಿ ಕರೀಬೇಕಂತ ಅದ' ಎಂದರು. 'ನಮ್ಮ ಹೊಲಕ್ಕ ಬರ್ರಿ ಅಂತ.' ಎಲ್ಲರೂ ಚಪ್ಪಾಳೆ ತಟ್ಟಿದರು. ಹೊಲ ಎಲ್ಲಿದೆ ಎಂದು ಕೇಳಲು ಯಾರಿಗೂ ಬಾಯಿ ಬರಲಿಲ್ಲ.

ಹೊಲ ಅವರಿಗೆ ಭೀಮಾ ನದಿಯ ದಂಡೆಯಲ್ಲಿ ಸಿಕ್ಕಿತು. ಅಫಜಲಪುರದ ಕಡೆ, ಹೊಳೆ ಹೊರಳಿ ಹರಿಯುವಲ್ಲಿ, ಯಾವುದೋ ಯೋಜನೆಯಲ್ಲಿ ಸಾರ್ವಜನಿಕರು ಡೇರೆ ಹಾಕಿಕೊಂಡು ಉಳಿಯಲೆಂದು ಒಂದು ಮೈದಾನ ಮಾಡಿದ್ದಾರೆ. ಕೆಲವು ಸಿಮೆಂಟ್ ಕಟ್ಟೆಗಳು, ಒಂದು ನಲ್ಲಿ, ಸದಾ ಬೀಗ ಹಾಕಿದ ಶೌಚಾಲಯ, ನಿಯಮಗಳ ಬೋರ್ಡು, ಎಳೆಯ ಬೇವಿನ ಗಿಡಗಳು. ಸುತ್ತ ಕಣ್ಣು ಹಾಯಿಸಿದಷ್ಟೂ ಎರೆ ನೆಲ, ಬಿಳಿಜೋಳ, ತೊಗರಿ. ಮರ ಎಂಬುದು ಅಪರೂಪ, ಆಕಾಶಕ್ಕೆ ಬರ ಇಲ್ಲ. ಪಟ್ಟಣದ ಪ್ರವಾಸಿಗರು ಬಂದು ಡೇರೆ ಹಾಕುತ್ತಾರೆಂದು ಸರ್ಕಾರ ಅಂದುಕೊಂಡಿತ್ತೇನೋ. ಬಂದವರು ಕುರಿ ಕಾಯುವವರು, ಮರಾಠಿ ಸೀಮೆಯ ಬೀಡ ಕಡೆಯಿಂದ ಕಬ್ಬು ಕಡಿಯಲು ಬರುವ ಗ್ಯಾಂಗಿನವರು, ಗಾಣಗಾಪುರಕ್ಕೆ ನಡೆದು ಹೋಗುವವರು. ಮತ್ತು ನಮ್ಮ ಚಾಚಾ.

ಕಲಬುರಗಿಯ ಗುಜರಿಯಿಂದ ಹಳೆಯ ಕ್ಯಾನ್ವಾಸ್ ಡೇರೆಯೊಂದನ್ನು ತಂದು, ಚಳಿಗಾಲ ಬಂತೆಂದರೆ ಅವರು ಅಲ್ಲಿ ಹೋಗಿ ಇರತೊಡಗಿದರು. ಸ್ವಂತ ಮನೆ, ಪಿಂಚಣಿ, ತಲೆಯ ಮೇಲೆ ಫ್ಯಾನು ಇದ್ದವನು ಡೇರೆಯಲ್ಲಿ ಮಲಗುತ್ತಾನೆ ಎಂದರೆ ಊರು ಸುಮ್ಮನಿರುತ್ತದೆಯೇ? ಹೆಂಡತಿ ಹೊರಗೆ ಹಾಕಿದಳು ಎಂದರು ಕೆಲವರು. ನಿಧಿ ಹುಡುಕುತ್ತಿದ್ದಾರೆ ಎಂದರು ಇನ್ನು ಕೆಲವರು. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ನಮ್ಮ ಡಿಪೋದವರು ಮಾತು ಮುಗಿಸಿದರು. ಚಾಚಿಯನ್ನು ಕೇಳಿದರೆ, ಮನೆಗೆ ಮಾರಿ, ಊರಿಗೆ ಉಪಕಾರಿ, ಈಗ ಹೊಳೆಗೂ ಉಪಕಾರಿ ಎನ್ನುತ್ತಿದ್ದಳು.

ಅವಳ ಸಿಟ್ಟಿಗೆ ಕಾರಣ ಇತ್ತು. ಮೊದಲ ಸಲ ಡೇರೆ ಹಾಕಿದಾಗ ಚಾಚಾ ನೆಲದ ಬಿರುಕಿನಲ್ಲಿ ಗೂಟ ಸುಲಭವಾಗಿ ಇಳಿಯುತ್ತದೆಂದು ಖುಷಿಯಾಗಿ, ಎಲ್ಲ ಗೂಟಗಳನ್ನೂ ಬಿರುಕಿಗೇ ಹೊಡೆದಿದ್ದರಂತೆ. ಎರೆ ನೆಲದ ಬಿರುಕು ಯಾವ ಗೂಟವನ್ನು ಹಿಡಿದೀತು? ಚಾಚಿ ಒಳಗೆ ಕುಳಿತು ಚಹಾ ಕುಡಿಯುತ್ತಿದ್ದಾಗ ಗಾಳಿ ಬಂದು ಡೇರೆ ಪೂರಾ ಅವಳ ಮೇಲೆ ಬಿತ್ತು. ಅವತ್ತಿನಿಂದ ಅವಳು ಅದರೊಳಗೆ ಕಾಲಿಡಲಿಲ್ಲ. ಅಡುಗೆ ತಂದರೂ ಡೇರೆಗೆ ಬೆನ್ನು ಮಾಡಿ ಸಿಮೆಂಟ್ ಕಟ್ಟೆಯ ಮೇಲೆ ಕೂರುವಳು, ಸಂಜೆಯ ಬಸ್ಸಿಗೆ ಮನೆಗೆ ಹೊರಡುವಳು.

ಅವರು ಕರೆದ ಮೊದಲ ಎಳ್ಳಮವಾಸ್ಯೆ ನನಗೆ ಚೆನ್ನಾಗಿ ನೆನಪಿದೆ. ಹದಿನೈದು ದಿನ ಮುಂಚೆಯೇ ನಿಲ್ದಾಣಕ್ಕೆ ಬಂದು, ಕಾಲರ್ ಸರಿ ಮಾಡಿಕೊಂಡು, ಒಬ್ಬೊಬ್ಬರನ್ನೂ ಕರೆದರು. ತಮಗೆ ಡಬ್ಬಿ ಕಳಿಸಿದ ಯಾರನ್ನೂ ಬಿಡಲಿಲ್ಲ. ಎಲ್ಲರೂ ಹ್ಞೂಂ ಎಂದರು. ನಮ್ಮವರಿಗೆ ಒಂದು ಕೆಟ್ಟ ಚಟ ಇದೆ, ಎದುರಿಗೆ ಬಂದು ಕರೆದವರಿಗೆ ಇಲ್ಲ ಎನ್ನುವುದಿಲ್ಲ. ಕರೆಯುವ ಸಂಭ್ರಮದಲ್ಲಿ ಚಾಚಾಗೂ ತಿಳಿಯಲಿಲ್ಲ. ಆ ದಿನ ಹೊಲ ಇದ್ದವರು ತಮ್ಮ ಹೊಲದಲ್ಲೇ ಇರಬೇಕಲ್ಲ, ಬೇರೆಯವರ ಹೊಲಕ್ಕೆ ಬರುವುದು ಹೇಗೆ? ಅಷ್ಟು ವರ್ಷ ಅವರೆಲ್ಲರನ್ನೂ ಹೊಲಕ್ಕೆ ಕಳಿಸಿಕೊಟ್ಟವರಿಗೆ ಇದು ಹೊಳೆಯಲಿಲ್ಲ.

ನಾನು ಹೋದೆ. ಹೋಗಲು ನನಗೆ ಬೇರೆ ಹೊಲ ಇರಲಿಲ್ಲ. ಗಂಡನ ಹೊಲ ಇಜೇರಿಯ ಆಚೆಗಿದೆ, ಅದನ್ನು ನೋಡಿಕೊಳ್ಳುವವರು ಅವನ ಅಣ್ಣ, ನನ್ನ ಭಾವ. ಗಂಡ ಹೋದ ವರ್ಷ ಅಮಾವಾಸ್ಯೆಗೆ ಕರೆ ಬರಲಿಲ್ಲ. ಸೂತಕದ ವರ್ಷ ಎಂದುಕೊಂಡೆ. ಮುಂದಿನ ವರ್ಷವೂ ಬರಲಿಲ್ಲ. ಮುಂಡೆ ಬಂದು ಚರಗದ ಬುಟ್ಟಿ ಮುಟ್ಟಿದರೆ ಬೆಳೆಗೆ ಒಳ್ಳೆಯದಲ್ಲ ಎಂದು ಭಾವನ ಹೆಂಡತಿ, ನನ್ನ ನೆಗೆಣ್ಣಿ, ಯಾರೊಂದಿಗೋ ಆಡಿದ ಮಾತು ತಿರುಗಿ ತಿರುಗಿ ನನ್ನ ಕಿವಿಗೆ ಬಂತು. ಕೇಳಿ ನೋವಾಗಬೇಕಿತ್ತು. ಮರಗಟ್ಟಿದ ಕಾಲನ್ನು ಚಿವುಟಿದಂತಾಯಿತು, ಅಷ್ಟೇ.

ನಾನು ಹೋದಾಗ ಮೈದಾನದಲ್ಲಿ ಚಾಚಾ ಬೇವಿನ ಗಿಡದ ಕಟ್ಟೆಯ ಮೇಲೆ ತಮ್ಮ ದಸ್ತಿ ಹಾಸಿ ಜಾಗ ಹಿಡಿದಿದ್ದರು. ಜೀವನವಿಡೀ ಬೇರೆಯವರ ದಸ್ತಿ ಆರಿಸಿದ ಮನುಷ್ಯ. ದೊಡ್ಡ ಪಾತ್ರೆಗಳಲ್ಲಿ ಅಡುಗೆ ಇತ್ತು. ಚಾಚಿ ಬೆನ್ನು ತಿರುಗಿಸಿ ಕುಳಿತಿದ್ದಳು. ಅವರು ರಸ್ತೆಯನ್ನೇ ನೋಡುತ್ತಿದ್ದರು. ಒಂದು ಬಸ್ಸು ಬಂದು ಹೋಯಿತು, ಯಾರೂ ಇಳಿಯಲಿಲ್ಲ. ಇನ್ನೊಂದು ಬಂತು, ನಿಲ್ಲಲೂ ಇಲ್ಲ. ಬರುತ್ತಾರೆ, ಹಿಂದಿನ ಗಾಡಿಗೆ ಬರುತ್ತಾರೆ ಎಂದು ಅವರು ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಹೇಳುತ್ತಿದ್ದ ದನಿಯಲ್ಲೇ ನನಗೆ ಹೇಳಿದರು. ಬಿಸಿಲು ಏರಿತು. ಕಟ್ಟೆಯ ಮೇಲೆ ನಮಾಜು ಮುಗಿಸಿ ಎದ್ದಾಗ ಅವರ ಮುಖ ಸಣ್ಣದಾಗಿತ್ತು. 'ಅವರಿಗೂ ಹೊಲ ಅವಲ್ಲ ಬೇಟಿ' ಎಂದರು. 'ಇದು ನನಗ ಈಗ ತಿಳೀತು.'

ಚಾಚಿ ಎದ್ದು ಸೆರಗು ಸಿಕ್ಕಿಸಿಕೊಂಡು, ಅತ್ತ ಕಡೆ ಕಬ್ಬಿನ ಗರಿಯ ಜೋಪಡಿಗಳಲ್ಲಿದ್ದ ಗ್ಯಾಂಗಿನವರನ್ನು ತನಗೆ ಬರುವ ಅರ್ಧಂಬರ್ಧ ಮರಾಠಿಯಲ್ಲಿ ಕರೆದಳು. ಅಷ್ಟು ಅಡುಗೆ ಹಾಳಾಗುವುದನ್ನು ನೋಡುವ ಹೆಂಗಸಲ್ಲ ಅವಳು. ಅವರು ಮಕ್ಕಳುಮರಿ ಸಮೇತ ತಾಟು ಹಿಡಿದು ಬಂದರು. ಕುರಿಯವರೂ ಬಂದರು. ಚಾಚಾ ಆಗ ಬುಟ್ಟಿಯನ್ನು ನನ್ನ ಮುಂದಿಟ್ಟರು. ಉಣ್ಣುವ ಮೊದಲು ಚರಗ ಆಗಬೇಕು, ತಮಗೆ ಅದು ಹೇಗೆಂದು ಗೊತ್ತಿಲ್ಲ, ನಾನೇ ಚೆಲ್ಲಬೇಕು ಎಂದರು. ನಾನು ಕೈ ಹಿಂದೆ ತೆಗೆದುಕೊಂಡೆ. ನೆಗೆಣ್ಣಿಯ ಮಾತನ್ನು ಹೇಳಿದೆ. ಅವರು ಕಾಲರ್ ಸರಿ ಮಾಡಿಕೊಂಡು, ನಿಯಮಗಳ ಬೋರ್ಡಿನ ಎದುರು ಹೋಗಿ ನಿಂತು ಗಟ್ಟಿಯಾಗಿ ಓದತೊಡಗಿದರು. ವಾಹನ ತೊಳೆಯಬಾರದು. ಗಿಡ ಮುರಿಯಬಾರದು. ಕಟ್ಟೆ ಬಿಟ್ಟು ಬೇರೆಡೆ ಒಲೆ ಹೂಡಬಾರದು. ಗಲಾಟೆ ಮಾಡಬಾರದು. ಕೊನೆಯ ಸಾಲಿನವರೆಗೆ ಓದಿ ತಿರುಗಿದರು.

'ಗಂಡ ಸತ್ತಾಕಿ ಚರಗ ಚೆಲ್ಲಬಾರದು ಅಂತ ಇಲ್ಲಿ ಬರದಿಲ್ಲ. ಜಗಾ ಸರ್ಕಾರದ್ದು, ಕಾನೂನು ಸರ್ಕಾರದ್ದು. ನೀ ಚೆಲ್ಲು.'

ಹೊಳೆಯಿಂದ ಐದು ಬೆಣಚುಕಲ್ಲು ಆರಿಸಿ ತಂದು ಬೇವಿನ ಬುಡದಲ್ಲಿಟ್ಟೆ. ಬುಟ್ಟಿ ತೆಗೆದುಕೊಂಡೆ. ಹಿಂದೆ ತಂಬಿಗೆ ಹಿಡಿದು ಅವರು. ಕೂಗಬೇಕು ಎಂಬುದು ಅವರಿಗೆ ಗೊತ್ತಿತ್ತು, ಏನು ಕೂಗಬೇಕೆಂದು ಗೊತ್ತಿರಲಿಲ್ಲ. ನಾನು ಮೊದಲ ಹಿಡಿ ಚೆಲ್ಲಿದೆನೋ ಇಲ್ಲವೋ, ಹಿಂದಿನಿಂದ ಕೇಳಿಸಿತು: 'ಇಜೇರಿ, ನೆಲೋಗಿ ಕಡಿ ಹೋಗೋರು ಬರ್ರಿ. ಅಫಜಲಪುರ, ಆಳಂದ ಕಡಿ ಹೋಗೋರು ಬರ್ರಿ. ಜಗಾ ಅದ, ಜಗಳ ಬ್ಯಾಡ.' ಕಬ್ಬಿನ ಗ್ಯಾಂಗಿನವರು ಇದೇ ನಮ್ಮ ಕಡೆಯ ಮಂತ್ರ ಎಂದುಕೊಂಡು ಕೈ ಮುಗಿದರು. ಮೈದಾನದ ಸುತ್ತ ಹಾಗೇ ಒಂದು ಸುತ್ತು ಬಂದೆವು.

ಊಟಕ್ಕೆ ಕುಳಿತು ಬಜ್ಜಿ ಬಾಯಿಗಿಟ್ಟಾಗ ಹುಳಿ ಹತ್ತಿತು. ಕೆಟ್ಟಿದೆಯೇನೋ ಎಂದು ಚಾಚಿಯ ಮುಖ ನೋಡಿದೆ. ಅವಳು ಹೆಮ್ಮೆಯಿಂದ, ಹಿಂದಿನ ದಿನವೇ ಮಾಡಿ ಮುಚ್ಚಿಟ್ಟೆ, ಆ ಹುಳಿ ಬರದಿದ್ದರೆ ಬಜ್ಜಿ ಹೇಗಾಗುತ್ತದೆ ಎಂದಳು. ನನಗೆ ಆಗ ತಿಳಿಯಿತು. ಇಡೀ ಜೀವನ ಇವರಿಗೆ ಮುಟ್ಟಿದ್ದು ನಿನ್ನೆಯ ಬಜ್ಜಿ. ಬಜ್ಜಿಯ ರುಚಿ ಎಂದರೆ ಅದೇ ಎಂದುಕೊಂಡಿದ್ದಾರೆ. ಅದರಲ್ಲಿ ನಮ್ಮ ಮನೆಯ ಡಬ್ಬಿಯ ಪಾಲೂ ಇತ್ತು. ನಾನು ಮತ್ತೆ ಬಡಿಸಿಕೊಂಡೆ. ಗಂಡ ಹೋದ ಮೇಲೆ ಹೊತ್ತಾಯಿತೆಂದು ಉಣ್ಣುತ್ತಿದ್ದೆ, ಅವತ್ತು ಹಸಿದು ಉಂಡೆ.

ಸಂಜೆ ಹೊರಡುವ ಮುಂಚೆ ಡೇರೆಯ ಹಗ್ಗ ಬಿಗಿ ಮಾಡಿ ಹೋಗೋಣವೆಂದು ಕೈ ಹಾಕಿದೆ. ಅವರು ಬೇಡವೆಂದು ತಡೆದು, ಇದ್ದ ಬಿಗಿಯನ್ನೂ ಸಡಿಲಿಸಿದರು. 'ಸಂಜಿ ಮುಂದ ಢಿಲಾ ಬಿಡಬೇಕು. ಇಬ್ಬನಿ ಕುಡದು ಅದು ತಾನ ಬಿಗಿ ಆಗ್ತದ. ನಾವೂ ಬಿಗದ್ರ ಗೂಟ ಕಿತ್ತು ಬರ್ತದ.' ಹೊಳೆಯ ದಂಡೆಯಲ್ಲಿ ಡೇರೆ ಬಿದ್ದು ಬಿದ್ದು ಕಲಿತದ್ದು ಇರಬೇಕು.

ಆ ವರ್ಷ ಯಾರೂ ಬರಲಿಲ್ಲವೆಂದು ತಿಳಿದು ನಿಲ್ದಾಣದಲ್ಲಿ ಎಲ್ಲರೂ ನಾಲಿಗೆ ಕಚ್ಚಿಕೊಂಡರು. ಮುಂದಿನ ವರ್ಷ ನಮ್ಮಲ್ಲಿಗೇ ಬನ್ನಿ ಎಂದು ನಿಜವಾಗಿ ಕರೆದರು. ಚಾಚಾ ಬರಲಾಗುವುದಿಲ್ಲ ಎಂದರು, ತಮ್ಮದೂ ಹೊಲ ಇದೆಯಲ್ಲ. ಅವರು ಕರೆಯುವವರ ಪಟ್ಟಿ ಬದಲಾಯಿತು. ಹೊಲ ಇದ್ದವರನ್ನು ಬಿಟ್ಟು ಇಲ್ಲದವರನ್ನು ಹುಡುಕತೊಡಗಿದರು. ಕೇರಳದಿಂದ ಬಂದು ಆಸ್ಪತ್ರೆಯಲ್ಲಿ ಕೆಲಸ ಮಾಡುವ ನರ್ಸು, ಕೋರ್ಟಿನ ಜವಾನ, ರಸ್ತೆಯ ಬದಿ ಕಮ್ಮಾರಿಕೆ ಮಾಡುವ ಗಂಡಹೆಂಡತಿ, ಶೇಂಗಾದ ಮುದುಕಿ. ಬರಬರುತ್ತ ಹೊಳೆದಂಡೆಯ ಮೈದಾನದಲ್ಲಿ ಅಮಾವಾಸ್ಯೆಯ ದಿನ ಡೇರೆಗಳು ಎದ್ದವು. ಡೇರೆ ಇಲ್ಲದವರು ಎತ್ತಿನಗಾಡಿಯ ತಾಡಪತ್ರಿ ಕಟ್ಟಿದರು, ಸೀರೆ ಕಟ್ಟಿದರು. ಕೆಲವರು ಹಿಂದಿನ ದಿನವೇ ಬಂದು ದಸ್ತಿ ಹಾಸಿ ಕಟ್ಟೆ ಹಿಡಿಯತೊಡಗಿದಾಗ ಚಾಚಾ ಹಳೆಯ ಸಿಟ್ಟಿನಲ್ಲಿ ಎಲ್ಲವನ್ನೂ ಆರಿಸಿಕೊಂಡು ಹೋದರು. ಬಜ್ಜಿ ಪ್ರತಿ ವರ್ಷವೂ ಹುಳಿ. ಯಾರೂ ದೂರಲಿಲ್ಲ. ಪ್ರತಿ ವರ್ಷ ಚರಗ ನನ್ನ ಕೈ, ತಂಬಿಗೆ ಅವರ ಕೈ.

ಅವರು ಸತ್ತದ್ದು ಡೇರೆಯಲ್ಲಲ್ಲ, ಮನೆಯಲ್ಲಿ, ಊರೆಲ್ಲ ಮಾತಾಡಿದ್ದ ಆ ಫ್ಯಾನಿನ ಕೆಳಗೆ. ಈ ಸಲದ ಅಮಾವಾಸ್ಯೆಗೆ ಇನ್ನೂ ಕೆಲವು ವಾರ ಇದ್ದವು. ಮಧ್ಯಾಹ್ನದ ನಿದ್ದೆಯಲ್ಲಿ ಹೋದರು. ನಾನು ನೆಲೋಗಿ ಗಾಡಿಯಿಂದ ಇಳಿದಾಗ ಚಹಾದಂಗಡಿಯವನು ಹೇಳಿದ. ರಿಪೇರಿಯಾದ ಮೈಕಿನಲ್ಲಿ ಯಾರೋ ಮುದ್ರಿಸಿಟ್ಟ ಹೆಣ್ಣು ದನಿ ಊರುಗಳ ಹೆಸರು ಹೇಳುತ್ತಿತ್ತು. ಸೀದಾ ಅವರ ಮನೆಗೆ ಹೋದೆ. ಹೆಂಗಸರ ನಡುವೆ ಚಾಚಿ ಕುಳಿತಿದ್ದಳು, ಅಳುತ್ತಿರಲಿಲ್ಲ. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ನಾನೂ ಅಳಲಿಲ್ಲ. ಅವರು ನನಗೆ ತಂದೆಯಷ್ಟು ಎಂದು ನಾನೇ ಎಷ್ಟೋ ಜನರಿಗೆ ಹೇಳಿದ್ದೆ, ತಂದೆ ಸತ್ತಾಗ ಮಗಳು ಹೀಗಿರುತ್ತಾಳೆಯೇ ಎಂದು ನನಗೇ ನಾಚಿಕೆಯಾಯಿತು. ನಾಚಿಕೆಯಾದರೂ ಆಯಿತಲ್ಲ ಎಂದುಕೊಂಡೆ.

ಡೇರೆ ಬಂದು ನನ್ನ ಕಟ್ಟೆಯ ಮೇಲೆ ಬಿದ್ದದ್ದು ಆಮೇಲೆ. ಚಾಚಿಯ ಮನೆಗೆ ಹೋಗಿ, ಈ ಸಲ ಏನು ಮಾಡುವುದೆಂದು ಕೇಳಿದೆ. ಅವಳು ತೊಗರಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. 'ಆ ಹುಚ್ಚು ಬುಡ್ಡಾನ ಸಂಗಾಟ ಹೋತು ಬೇ' ಎಂದಳು. ಅಲ್ಲಿಗೆ ಮುಗಿಯಿತು ಎಂದು ನಾನೂ ತಿಳಿದೆ. ಕರೆಯುವವರೇ ಇಲ್ಲದ ಮೇಲೆ ಬರುವವರು ಯಾರು? ಚಾಚಾಗೆ ಜೀವಮಾನದಲ್ಲಿ ಬೇಕಾಗಿದ್ದ ಒಂದೇ ಒಂದು ದಿನ ಅವರ ಹಿಂದೆಯೇ ಹೋಗುವುದರಲ್ಲಿತ್ತು, ಅದನ್ನು ನೋಡಿಯೂ ನನ್ನ ಕೈ ಏಳುತ್ತಿರಲಿಲ್ಲ.

ಹಬ್ಬಕ್ಕೆ ಎರಡು ದಿನ ಇರುವಾಗ ಭಾವ ನನ್ನ ಬಸ್ಸು ಹತ್ತಿದರು. ಇಜೇರಿಗೆ ಟಿಕೆಟ್ ತೆಗೆದುಕೊಂಡು, ಸೀಟಿದ್ದರೂ ಕೂರದೆ ಕಂಬ ಹಿಡಿದು ನಿಂತರು. ನಮ್ಮ ಮನೆಯ ಸೊಸೆ ಸರ್ಕಾರಿ ಜಾಗದಲ್ಲಿ ಚರಗ ಚೆಲ್ಲುತ್ತಾಳೆ ಎಂದು ಜನ ಆಡಿಕೊಳ್ಳುತ್ತಾರೆ ಎಂದರು. ಅವರಿಗೂ ವಯಸ್ಸಾಗಿತ್ತು. ಕೊನೆಗೆ ಹೊರಗೆ ನೋಡುತ್ತಾ ಹೇಳಿದರು: 'ಆಗಿದ್ದ ಆಯ್ತು. ಈ ಸಲ ಹೊಲಕ್ಕ ಬಾ. ಅಲ್ಲಿ ಇನ್ನ ಯಾರದಾರ ನಿನಗ?'

ಎಷ್ಟೋ ವರ್ಷ ಕಾದ ಕರೆ. ಒಂದು ಕಾಲದಲ್ಲಿ ಈ ಮಾತಿಗಾಗಿ ನಾನು ಇಜೇರಿಯವರೆಗೆ ಬಸ್ಸಿನ ಹಿಂದೆ ಓಡಿಕೊಂಡು ಹೋಗಲೂ ತಯಾರಿದ್ದೆ. ಖುಷಿಯಾಗುತ್ತದೆಯೇ ಎಂದು ನೋಡಿದೆ, ಆಗಲಿಲ್ಲ. ಸಿಟ್ಟೂ ಬರಲಿಲ್ಲ. ನನ್ನ ಬಾಯಿ ಮಾತ್ರ ನನ್ನನ್ನು ಕೇಳದೆ ಮಾತಾಡಿತು.

'ಆಗಂಗಿಲ್ರಿ ಭಾವ. ಅವತ್ತ ನಮ್ಮ ಹೊಲಕ್ಕ ಮಂದಿ ಬರ್ತಾರ.'

ಹೇಳಿದ ಮೇಲೆ ಮಾಡಲೇಬೇಕಾಯಿತು. ರಜೆ ಹಾಕಿದೆ. ಅಮಾವಾಸ್ಯೆಯ ಬೆಳಿಗ್ಗೆ ಡೇರೆಯನ್ನು ಆಟೋಕ್ಕೆ ಹಾಕಿಕೊಂಡು ಹೊಳೆದಂಡೆಗೆ ಹೋದೆ. ಮೈದಾನ ಖಾಲಿ. ದೂರದಲ್ಲಿ ಗ್ಯಾಂಗಿನವರ ಜೋಪಡಿಗಳಿದ್ದವು, ಅವರು ಕಬ್ಬಿಗೆ ಹೋಗಿದ್ದರು. ಬಿರುಕು ತಪ್ಪಿಸಿ ಗಟ್ಟಿ ನೆಲ ಹುಡುಕಿ ಗೂಟ ಹೊಡೆದೆ. ಕೈಯಲ್ಲಿ ಬೊಬ್ಬೆ ಎದ್ದವು. ಡೇರೆ ಒಂದು ಕಡೆ ವಾಲಿ ನಿಂತಿತು. ಬೇವಿನ ಬುಡದ ಕಟ್ಟೆಯ ಮೇಲೆ ನನ್ನದೇ ಕರವಸ್ತ್ರ ಹಾಸಿ ಕುಳಿತು, ಬುತ್ತಿಯ ಗಂಟು ಪಕ್ಕಕ್ಕಿಟ್ಟುಕೊಂಡು ರಸ್ತೆ ನೋಡುತ್ತಿದ್ದೆ. ಒಂದು ಬಸ್ಸು ನಿಲ್ಲದೆ ಹೋಯಿತು.

ಎರಡನೆಯದು ನಿಂತಿತು. ಶೇಂಗಾದ ಮುದುಕಿ ಇಳಿದಳು, ನರ್ಸು ಇಳಿದಳು, ಕೋರ್ಟಿನ ಜವಾನ ಮಗಳನ್ನು ಕರೆದುಕೊಂಡು ಇಳಿದ. ಯಾರೂ ಅವರನ್ನು ಕರೆದಿರಲಿಲ್ಲ. ಹೋದ ವರ್ಷ ಕರೆದದ್ದೇ ಸಾಕಾಗಿತ್ತು ಅವರಿಗೆ. ಎಲ್ಲರಿಗಿಂತ ಕೊನೆಗೆ, ಕಂಡಕ್ಟರನ್ನು ಬೈಯುತ್ತಾ, ದೊಡ್ಡ ಪಾತ್ರೆಯೊಂದನ್ನು ಇಳಿಸಿಕೊಂಡು ಚಾಚಿ ಇಳಿದಳು. ನನ್ನ ಕಡೆ ನೋಡದೆ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟಳು. ಮುಚ್ಚಳ ಸರಿಸಿದೆ. ಹುಳಿ ವಾಸನೆ ಮುಖಕ್ಕೆ ಬಂತು. ಇವತ್ತು ಬೆಳಿಗ್ಗೆ ಮನಸ್ಸು ಬದಲಿಸಿ ಮಾಡಿದ ಬಜ್ಜಿಯಲ್ಲ ಅದು. ನಿನ್ನೆಯೇ ಮಾಡಿಟ್ಟದ್ದು.

ವಾಲಿದ ಡೇರೆಯನ್ನು ನೋಡಿ, ಇದನ್ನು ಯಾವ ಕತ್ತೆ ಹಾಕಿತು ಎಂದು ಕೇಳಿದಳು. ನಾನೇ ಎಂದೆ. ಅವಳು ಒಂದು ಹಗ್ಗ ಬಿಚ್ಚಿ ಮತ್ತೆ ಕಟ್ಟಿದಳು. ಆಮೇಲೆ ಬಗ್ಗಿ, ಅಷ್ಟು ವರ್ಷ ಕಾಲಿಡದ ಡೇರೆಯೊಳಗೆ ಹೋಗಿ ಸ್ವಲ್ಪ ಹೊತ್ತು ಕುಳಿತಳು. ನಾವ್ಯಾರೂ ಅತ್ತ ಹೋಗಲಿಲ್ಲ.

ಐದು ಕಲ್ಲು ತಂದಿಟ್ಟು, ಬುಟ್ಟಿಯಲ್ಲಿ ಎಲ್ಲವನ್ನೂ ಕಲಸಿ, ಚೆಲ್ಲಲು ನಿಂತೆ. ತಂಬಿಗೆ ನೆಲದ ಮೇಲಿತ್ತು. ಯಾರನ್ನು ಹಿಡಿ ಎನ್ನುವುದೋ ತಿಳಿಯದೆ ಒಬ್ಬಳೇ ಹೊರಟೆ. ಒಂದು ಹಿಡಿ ಚೆಲ್ಲಿದೆ, ಇನ್ನೊಂದು ಹಿಡಿ ಚೆಲ್ಲಿದೆ. ಹಿಂದೆ ಏನೂ ಕೇಳಿಸುತ್ತಿರಲಿಲ್ಲ, ಗಾಳಿ ಮಾತ್ರ. ಆ ಮೂಲೆಯ ಕಟ್ಟೆ ದಾಟುವಾಗ ನೆಲಕ್ಕೆ ನೀರು ಬಿದ್ದ ಸಪ್ಪಳ ಕೇಳಿಸಿತು. ಆಮೇಲೆ ಒಡಕು ದನಿ.

'ಇಜೇರಿ, ನೆಲೋಗಿ ಕಡಿ ಹೋಗೋರು ಬರ್ರಿ. ಅಫಜಲಪುರ, ಆಳಂದ ಕಡಿ ಹೋಗೋರು ಬರ್ರಿ. ಜಗಾ ಅದ, ಜಗಳ ಬ್ಯಾಡ.'

ತಿರುಗಿ ನೋಡಿದೆ. ಚಾಚಿ ತಂಬಿಗೆ ಹಿಡಿದು ನಿಂತಿದ್ದಳು. ಕೂಗುವ ಮುಂಚೆ ರವಿಕೆಯ ಕೊರಳಿಗೆ ಕೈ ಹೋಗಿತ್ತು, ಇನ್ನೂ ಅಲ್ಲೇ ಇತ್ತು.

'ನನ್ನ ಮಾರಿ ಏನ್ ನೋಡ್ತೀ ಬೇ' ಎಂದಳು. 'ಮುಂದ ನಡಿ.'

ಆಗ ನನಗೆ ಅಳು ಬಂತು. ಗಂಡನಿಗಾಗಿ ಅಳದೆ ಉಳಿದದ್ದೂ ಅದರಲ್ಲೇ ಸೇರಿತೋ ಏನೋ, ನಿಲ್ಲಲಿಲ್ಲ. ಬುಟ್ಟಿಯನ್ನು ಸೊಂಟಕ್ಕೆ ಒತ್ತಿ ಹಿಡಿದು, ಅಳುತ್ತಲೇ ಚೆಲ್ಲುತ್ತಾ ಮುಂದೆ ನಡೆದೆ. ಹಿಂದಿನಿಂದ ಊರುಗಳ ಹೆಸರು ಕೇಳಿಸುತ್ತಲೇ ಇದ್ದವು.